ಜೋರಾಗಿ ಬಡಿದರೆ ಹೆಣ್ಣು

ನಾನು ಮದುವೆಯಾಗಿ ಹೋದ ಕಂಪ್ಲಿಯ ಮನೆಯಲ್ಲಿ ಹೆಂಗಸು ಅಂತ ಇದ್ದವರು ಅತ್ತೆ ಒಬ್ಬರೇ. ನಾಲ್ವರು ಗಂಡುಮಕ್ಕಳು, ಮಾವ, ಮಾವನ ತಮ್ಮ. ಹೊಸ್ತಿಲ ಹೊರಗೆ ಬರೀ ಗಂಡಸರ ಚಪ್ಪಲಿ. ನಾನು ಅಕ್ಕಿ ತುಂಬಿದ ಸೇರು ಒದ್ದು ಒಳಗೆ ಬಂದ ದಿನವೇ ಅತ್ತೆ ನನ್ನ ಗಲ್ಲ ಹಿಡಿದು, "ನನಗ ಒಂದು ಹೆಣ್ಣು ಹಡದು ಕೊಡವಾ. ಈ ಎತ್ತುಗಳನ್ನ ಸಾಕಿ ಸಾಕಾಗೇತಿ," ಎಂದರು. ಎತ್ತುಗಳಲ್ಲಿ ಹಿರಿಯದು ನನ್ನ ಗಂಡ. ಪಕ್ಕದಲ್ಲೇ ನಿಂತು ಹಲ್ಲು ಕಿರಿಯುತ್ತಿತ್ತು.

ಊರೆಲ್ಲ ಗಂಡು ಬೇಕೆಂದು ಹರಕೆ ಹೊರುತ್ತಿದ್ದ ಕಾಲ ಅದು. ನಮ್ಮ ಮನೆಯೊಂದೇ ಉಲ್ಟಾ. ನನಗಂತೂ ಖುಷಿಯೇ ಆಗಿತ್ತು. ಗಂಡು ಹಡೆಯದ ಸೊಸೆ ಎನಿಸಿಕೊಳ್ಳುವ ಭಯ ನನಗಿಲ್ಲವಲ್ಲ, ಎಂಥ ಪುಣ್ಯವಂತೆ ಎಂದುಕೊಂಡಿದ್ದೆ.

ಡ್ಯಾಮಿನ ಕಾಲುವೆ ನೀರು ಬಂದ ಮೇಲೆ ಕಂಪ್ಲಿಯ ಸುತ್ತ ವರ್ಷಕ್ಕೆ ಎರಡು ಬೆಳೆ ಭತ್ತ. ಮನೆಯ ಹಿಂದೆಯೇ ಇದ್ದ ನಮ್ಮ ಅಕ್ಕಿ ಗಿರಣಿಗೆ ಬಿಡುವೇ ಇರುತ್ತಿರಲಿಲ್ಲ. ಅತ್ತೆ ಗಿರಣಿಯೊಳಗೆ ಕಾಲಿಟ್ಟವರಲ್ಲ, ಆದರೆ ರೊಟ್ಟಿ ಬಡಿಯುತ್ತ ಕೂತಲ್ಲೇ ಸದ್ದಿನಿಂದ ಅಲ್ಲಿಯ ವರ್ತಮಾನ ಹೇಳುತ್ತಿದ್ದರು. "ಬೆಲ್ಟ್ ಜಾರಾಕ ಹತ್ತೈತಿ ನೋಡು." ಸದ್ದು ಒಮ್ಮೆಲೇ ಏರಿ ಓಡತೊಡಗಿದರೆ ಹಿಟ್ಟಿನ ಕೈಯಲ್ಲೇ ಹಿತ್ತಲ ಬಾಗಿಲಿಗೆ ಹೋಗಿ, "ಲೇ, ಭತ್ತ ಮುಗದೈತಿ! ಖಾಲಿ ಓಡಾಕ ಹತ್ತೈತಿ, ಜಲ್ದಿ ಬಂದ್ ಮಾಡ್ರಿ!" ಎಂದು ಕೂಗುತ್ತಿದ್ದರು. ಬಾಯಿಗೆ ಕಾಳು ಬೀಳದಿದ್ದರೆ ಯಂತ್ರ ಜೋರಾಗಿ ಓಡುತ್ತದೆ, ಹಾಗೆ ಓಡಿದರೆ ಕೆಡುತ್ತದೆ. ಇದನ್ನು ನನಗೆ ಕಲಿಸಿದವರು ಅವರೇ.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ನನ್ನ ತವರು ಟಿ.ಬಿ. ಡ್ಯಾಮಿನ ಕ್ವಾರ್ಟರ್ಸು; ಅಪ್ಪನಿಗೆ ಕಾಲುವೆ ಆಫೀಸಿನಲ್ಲಿ ಕೆಲಸ. ಏಳು ತಿಂಗಳಿಗೆ ಕುಬಸ ಮಾಡಿ, ಹಸಿರು ಸೀರೆ ಉಡಿಸಿ, ಮೊಣಕೈತನಕ ಹಸಿರು ಬಳೆ ತೊಡಿಸಿ ನನ್ನನ್ನು ಕಳಿಸಿಕೊಟ್ಟರು. ನಮ್ಮ ಸಾಲಿನ ಕೊನೆಯ ಮನೆಯಲ್ಲಿ ಕೆಲಸದಿಂದ ನಿವೃತ್ತರಾದ ನರ್ಸಮ್ಮ ಒಬ್ಬರಿದ್ದರು. ಒಳ್ಳೆಯ ಹೆಂಗಸು, ಕರೆಯುವ ಮೊದಲೇ ಬರುವವರು. ಅವರ ಹತ್ತಿರ ಕಟ್ಟಿಗೆಯದೊಂದು ಪುಟ್ಟ ತುತ್ತೂರಿ ಇತ್ತು. ಅಗಲವಾದ ಬಾಯಿಯನ್ನು ಬಸುರಿಯ ಹೊಟ್ಟೆಗೆ ಒತ್ತಿ, ಇನ್ನೊಂದು ತುದಿಗೆ ಕಿವಿ ಕೊಟ್ಟರೆ ಕೂಸಿನ ಎದೆಬಡಿತ ಕೇಳುತ್ತಿತ್ತು. ಅವರದೊಂದು ನಿಯಮ: ನಿಧಾನಕ್ಕೆ ಬಡಿದರೆ ಗಂಡು, ಜೋರಾಗಿ ಬಡಿದರೆ ಹೆಣ್ಣು.

"ಹೆಂಗಸರ ಎದಿ ಗಂಡಸರಕ್ಕಿಂತ ಜೋರಾಗೇ ಬಡೀತೈತ್ರಿ. ದವಾಖಾನ್ಯಾಗ ಜೀವಮಾನ ಎಲ್ಲಾ ನಾಡಿ ಹಿಡದೀನಿ, ನನಗ ಗೊತ್ತಿಲ್ಲೇನು? ಹೊಟ್ಟ್ಯಾಗಿದ್ರೂ ಅಷ್ಟ," ಎನ್ನುತ್ತಿದ್ದರು. ನನ್ನ ಹೊಟ್ಟೆಗೆ ತುತ್ತೂರಿ ಇಟ್ಟವರೇ ಚಪ್ಪಾಳೆ ತಟ್ಟಿ, "ಹೆಣ್ಣು!" ಎಂದರು.

ಸುದ್ದಿ ಮುಟ್ಟಿದ ಕೂಡಲೇ ಅತ್ತೆ ಎರಡು ಬಸ್ಸು ಬದಲಿಸಿ ಬಂದರು. ನೀರನ್ನೂ ಕುಡಿಯದೆ ತುತ್ತೂರಿ ಕೇಳಿದರು. ಅದಕ್ಕೆ ಕಿವಿ ಹಚ್ಚಿ ಕೂತ ಅವರ ಮುಖ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಗಂಡುಮಕ್ಕಳ ಗದ್ದಲದಲ್ಲಿ ಕಿವುಡಾಗಿದ್ದ ಮನೆಯ ಒಡತಿ, ಕಣ್ಣು ಮುಚ್ಚಿಕೊಂಡು ಯಾರದೋ ಪಿಸುಮಾತು ಕೇಳುವವರ ಹಾಗೆ ನಗುತ್ತಿದ್ದರು. "ನಮ್ಮವ್ವ ಬಂದ್ಲು," ಎಂದರು. ಆಮೇಲೆ ನಾನೂ ಹಾಗೇ ಕರೆಯತೊಡಗಿದೆ. ನಮ್ಮವ್ವ ಒದೀತಾಳೆ, ನಮ್ಮವ್ವ ಮಲಗಿದ್ದಾಳೆ. ಅವಳಿಗೆ ಯಾವ ಜಡೆ ಹಾಕಬೇಕು ಎಂಬುದೂ ತೀರ್ಮಾನವಾಗಿತ್ತು.

ಹೊಸಪೇಟೆಯ ಪೇಟೆಯಲ್ಲಿ ಹಳದಿ ಹತ್ತಿ ಬಟ್ಟೆ ಕೊಂಡು ಅತ್ತೆ ಎರಡು ಫ್ರಾಕು ಹೊಲಿದರು. ಪುಗ್ಗೆಯಂತೆ ಉಬ್ಬಿದ ತೋಳು, ಅಂಚಿಗೆ ಕೆಂಪು ಪಟ್ಟಿ. ನಾಲ್ಕು ಗಂಡು ಹೆತ್ತವರ ಕೈಗೆ ಅಂಥದನ್ನು ಹೊಲಿದು ಅಭ್ಯಾಸವೆಲ್ಲಿ? ಒಂದರ ತೋಳು ಇನ್ನೊಂದಕ್ಕಿಂತ ದೊಡ್ಡದಾಗಿತ್ತು. ಹುಟ್ಟುವ ಮೊದಲು ಕೂಸಿಗೆ ಬಟ್ಟೆ ಹೊಲಿಯಬಾರದು ಎಂದು ನನ್ನ ಹೆತ್ತವ್ವ ಗೊಣಗಿದಳು. ಅತ್ತೆ ಕಿವಿಗೆ ಹಾಕಿಕೊಳ್ಳಲಿಲ್ಲ.

ದಿನ ತುಂಬುವ ಹೊತ್ತಿಗೆ ನನಗೆ ಸಣ್ಣ ಜ್ವರ ಬಂತು. ಮೈ ಬಿಸಿ, ಸೊಂಟದಲ್ಲಿ ನೋವು. ಡಾಕ್ಟರಿಗೆ ತೋರಿಸೋಣ ಎಂದು ಅವ್ವ ಎದ್ದು ನಿಂತಿದ್ದಳು. ನರ್ಸಮ್ಮ ಬಂದು ತುತ್ತೂರಿ ಇಟ್ಟರು. "ಯವ್ವಾ! ಏನ್ ಓಡಾಕ ಹತ್ಯಾಳರಿ ಈಕಿ! ಹೊರಗ ಬರಾಕ ಭಾಳ ಅವಸರ!" ಎಂದು ನಕ್ಕರು. ಎಲ್ಲರೂ ನಕ್ಕೆವು. ಫ್ರಾಕು ತಂದು ಕೊಟ್ಟು ಅಲ್ಲೇ ಉಳಿದಿದ್ದ ಅತ್ತೆ ತಾವೂ ಕೇಳಿದರು. ಈ ಸಲ ಬಹಳ ಹೊತ್ತು ಕೇಳಿದರು. ತಲೆ ಎತ್ತಿದಾಗ ಹುಬ್ಬು ಗಂಟಿಕ್ಕಿತ್ತು.

"ಭಾಳ ಜೋರೈತಲ್ಲರಿ?" ಎಂದರು.

"ಹೆಣ್ಣುಮಕ್ಕಳದು ಹಂಗ ರೀ," ಎಂದರು ನರ್ಸಮ್ಮ.

ಅತ್ತೆಯ ಹುಬ್ಬು ಸಡಿಲವಾಯಿತು. ಅಂಥ ಮಾತನ್ನು ನಂಬದೆ ಇರುವುದು ಆ ಜೀವಕ್ಕೆ ಹೇಗೆ ಸಾಧ್ಯವಿತ್ತು? ಅವ್ವನೂ ಕೂತಳು. ಜ್ವರಕ್ಕೆ ಕಷಾಯ ಕಾಯಿಸಿದರು.

ಮರುದಿನ ಬೆಳಿಗ್ಗೆ ನೋವು ಎದ್ದು ಆಸ್ಪತ್ರೆಗೆ ಒಯ್ದರು. ಹುಟ್ಟಿದ್ದು ಗಂಡು. ಅಳು ಅಂದರೆ ಬೆಕ್ಕಿನ ಮರಿಯದಷ್ಟು. ನನ್ನ ಜ್ವರದ ಸೋಂಕು ಕೂಸಿಗೂ ತಗುಲಿದೆ ಎಂದು ಡಾಕ್ಟರು ಹೇಳಿದರು. ಅದರ ಎದೆ ಹಾಗೆ ಓಡಿದ್ದು ಅವಸರಕ್ಕಲ್ಲ, ಸಂಕಟಕ್ಕೆ. ನಿನ್ನೆಯೇ ಕರೆತಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದೂ ಹೇಳಿದರು. ಕೆಲವು ಸತ್ಯಗಳನ್ನು ಡಾಕ್ಟರುಗಳು ತಮ್ಮಲ್ಲೇ ಇಟ್ಟುಕೊಂಡರೆ ಏನು ಗಂಟು ಹೋಗುತ್ತದೋ ನನಗೆ ಇವತ್ತಿಗೂ ತಿಳಿಯದು.

ತೊಡಿಸಲು ಬೇರೆ ಬಟ್ಟೆ ಇರಲಿಲ್ಲ. ಹಳದಿ ಫ್ರಾಕು ತೊಡಿಸಿ ನನ್ನ ಪಕ್ಕ ಮಲಗಿಸಿದರು. ಕೆಂಪು ಪಟ್ಟಿಯ ಕೆಳಗೆ ಅವನ ಎದೆಯ ಮೇಲೆ ಎರಡು ಬೆರಳಿಟ್ಟೆ. ಓಡುತ್ತಿತ್ತು, ಎಣಿಸಲಾಗದಷ್ಟು ಓಡುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ನಿಧಾನವಾಗತೊಡಗಿತು. ನಿಧಾನವಾದರೆ ಗಂಡು ಎಂಬುದು ನೆನಪಾಗಿ ನನಗೆ ಹುಚ್ಚಿಯ ಹಾಗೆ ನಗು ಬಂತು. ಅವ್ವ ನನ್ನ ಬಾಯಿಗೆ ಕೈ ಒತ್ತಿದಳು. ಆಮೇಲೆ ಬೆರಳಿಗೆ ಏನೂ ತಾಗಲಿಲ್ಲ.

ಅಪ್ಪ ಮತ್ತು ನನ್ನ ಗಂಡ ಅವನನ್ನು ಹಾಗೆಯೇ ಫ್ರಾಕಿನಲ್ಲೇ ಒಯ್ದು ಮಣ್ಣು ಮಾಡಿ ಬಂದರು. ಎಲ್ಲಿ ಎಂದು ನನಗೆ ಹೇಳಲಿಲ್ಲ. ಹೆಂಗಸರಿಗೆ ಹೇಳುವ ಪದ್ಧತಿ ಇಲ್ಲವಂತೆ.

ಕಂಪ್ಲಿಗೆ ಮರಳಿದ ಮೇಲೆ ನನ್ನನ್ನು ಯಾರೂ ಒಂದು ಮಾತು ಅನ್ನಲಿಲ್ಲ; ಎಲ್ಲರೂ ಅಕ್ಕರೆಯಿಂದಲೇ ಇದ್ದರು. ಆದರೆ ಅವನನ್ನು ನೆನೆಯುವವರು ಯಾರೂ ಇರಲಿಲ್ಲ. ಆ ಮನೆ ಕಾದಿದ್ದು ಒಬ್ಬ ಹುಡುಗಿಗೆ. ಅವಳು ಬರಲಿಲ್ಲ ಎಂದು ಎಲ್ಲರಿಗೂ ದುಃಖವಿತ್ತು. ಬಂದು ಹೋದವನಿಗಾಗಿ ಅಳುವುದು ಹೇಗೆಂದು ಯಾರಿಗೂ ತೋಚಲಿಲ್ಲ. ಬಂದವರು ಕೇಳಿದರೆ "ಮೊದಲನೇ ಸಲ ಹಂಗಾತು" ಎನ್ನುತ್ತಿದ್ದರು. ನನ್ನ ಮಗ ಎಂದರೆ 'ಹಂಗಾದದ್ದು'. ತಿಂಗಳುಗಟ್ಟಲೆ ನಾನೂ ಅವನನ್ನು ಬೇರೆ ಯಾರೋ ಅಂದುಕೊಂಡು ಮಾತಾಡಿಸಿದ್ದೆನಲ್ಲ. ಯಾರಾದರೂ ಒಬ್ಬರು, ಒಂದೇ ಒಂದು ಸಲ, ಅವನನ್ನು ಈ ಮನೆಯ ಹುಡುಗ ಅನ್ನಲಿ ಎಂದು ನಾನು ಬಾಯಿಬಿಡದೆ ಕಾಯುತ್ತಿದ್ದೆ. ಗಂಡನ ಹತ್ತಿರ ಮಾತೆತ್ತಿದರೆ ಅವರು ಎದ್ದು ಗಿರಣಿಗೆ ಹೋಗಿಬಿಡುತ್ತಿದ್ದರು.

ಅತ್ತೆ ಗಿರಣಿಯ ಸದ್ದಿನ ಬಗ್ಗೆ ಮಾತಾಡುವುದನ್ನು ಬಿಟ್ಟಿದ್ದರು. ಒಂದು ದಿನ ಭತ್ತ ಮುಗಿದು ಯಂತ್ರ ಖಾಲಿ ಓಡತೊಡಗಿತು. ಅತ್ತೆ ಏಳಲಿಲ್ಲ. ಹಿಟ್ಟಿನ ಕೈಗಳಿಂದಲೇ ಎರಡೂ ಕಿವಿ ಮುಚ್ಚಿಕೊಂಡು ಒಲೆಯ ಮುಂದೆ ಕೂತಿದ್ದರು. ಕೊನೆಗೆ ನಾನೇ ಹಿತ್ತಲಿಗೆ ಹೋಗಿ ಕೂಗಿದೆ. ತಿರುಗಿ ಬಂದಾಗ, "ನನಗ ಗೊತ್ತಿತ್ತಲ್ಲವಾ," ಎಂದರು. "ಹಂಗ ಓಡಿದ್ರ ಕೆಡತೈತಿ ಅಂತ ನನಗ ಗೊತ್ತಿತ್ತಲ್ಲ." ಕಿವಿಗಳಿಗೆಲ್ಲ ಜೋಳದ ಹಿಟ್ಟು ಮೆತ್ತಿತ್ತು. ನಾನು ಸೆರಗಿನಿಂದ ಒರೆಸಿದೆ. ಸಿಟ್ಟು ಬಂದಿತ್ತು ನನಗೆ, ಸುಳ್ಳು ಹೇಳುವುದಿಲ್ಲ, ಆದರೆ ಒರೆಸಿದೆ.

ಎರಡನೇ ಸಲ ಬಸುರಾಗಲು ವರ್ಷಗಳೇ ಬೇಕಾದವು. ಹೊಸಪೇಟೆಯ ಲೇಡಿ ಡಾಕ್ಟರು ಹೊಟ್ಟೆಗೆ ಕಿವಿ ಕೊಡುವಾಗ ನಾನು ಎಲ್ಲವನ್ನೂ ಹೇಳಿಕೊಂಡೆ. ಆಕೆ ಕೂತು ಬಿಡಿಸಿ ಹೇಳಿದರು. ದೊಡ್ಡವರಾದ ಮೇಲೆ ಹೆಂಗಸರ ಹೃದಯ ಗಂಡಸರದಕ್ಕಿಂತ ಚಿಕ್ಕದು, ಒಂದು ಸಲಕ್ಕೆ ದೂಡುವ ರಕ್ತ ಕಡಿಮೆ, ಅದಕ್ಕೇ ಸ್ವಲ್ಪ ಹೆಚ್ಚು ಬಡಿಯಬೇಕು. ಹೊಟ್ಟೆಯಲ್ಲಿದ್ದಾಗ ಅಂಥ ಭೇದವಿಲ್ಲ. ಅಲ್ಲಿ ಬಡಿತ ಕೇಳಿ ಗಂಡೋ ಹೆಣ್ಣೋ ಹೇಳಲಾಗದು. ಅಂದರೆ ನರ್ಸಮ್ಮ ಹೇಳಿದ್ದರಲ್ಲಿ ಅರ್ಧ ನಿಜವೇ. ಉಳಿದರ್ಧಕ್ಕೆ ನನ್ನ ಮಗ ಹೋದ. ಇಡೀ ಸುಳ್ಳಾಗಿದ್ದರೆ ಅವ್ವನಾದರೂ ನಂಬುತ್ತಿರಲಿಲ್ಲವೇನೋ.

ಆ ಒಂಬತ್ತು ತಿಂಗಳಲ್ಲಿ ಅತ್ತೆ ನನ್ನ ಹೊಟ್ಟೆಗೆ ಕಿವಿ ಹಚ್ಚಲಿಲ್ಲ, ಏನು ಬೇಕೆಂದೂ ಅನ್ನಲಿಲ್ಲ. ಹೆಣ್ಣು ಹುಟ್ಟಿತು. ಗುಂಡುಗುಂಡಾಗಿ, ಗಿರಣಿಯ ಸದ್ದನ್ನೂ ಮೀರಿ ಅಳುವ ಹೆಣ್ಣು. ತೊಟ್ಟಿಲಿಗೆ ಹಾಕುವ ದಿನ ಅವ್ವ ಕಂಪ್ಲಿಗೆ ಬಂದಿದ್ದಳು. ಕೂಸಿಗೆ ಬಟ್ಟೆ ಹುಡುಕುತ್ತ ಪೆಟ್ಟಿಗೆಯ ತಳದಿಂದ ಹಳದಿ ಫ್ರಾಕು ತೆಗೆದಳು, ಎರಡರಲ್ಲಿ ಉಳಿದದ್ದು. ಇಷ್ಟು ವರ್ಷ ಯಾರಿಗಾಗಿ ಕಾದಿತ್ತೋ ಆಕೆಯೇ ಬಂದಳು ಎಂಬ ಸಂತೋಷದಲ್ಲಿ ಅದನ್ನು ಕೊಡವಿ ಮಗಳ ತಲೆಗೆ ಹಾಕಹೋದಳು.

ಅತ್ತೆ ಬಂದು ಅವ್ವನ ಕೈ ಹಿಡಿದರು. "ಬ್ಯಾಡ್ರಿ. ಅದನ್ನ ಹಾಕಬ್ಯಾಡ್ರಿ."

"ಯಾಕ್ರಿ ಬೀಗರ? ನೀವ ಹೊಲದದ್ದಲ್ಲೇನು? ಆಕಿಗೇ ಅಂತ ಹೊಲದಿದ್ರಿ."

"ಅದು ಈಕಿದಲ್ಲ," ಎಂದರು ಅತ್ತೆ. ಫ್ರಾಕನ್ನು ಮಡಿಸಿ ಎದೆಗೆ ಒತ್ತಿಕೊಂಡಿದ್ದರು. "ಅದು ಈಕಿ ಅಣ್ಣಂದು."

ನಾನು ಮಗಳನ್ನು ಅವ್ವನ ಮಡಿಲಿಗೆ ಹಾಕಿ, ಬಾಣಂತಿ ಅಳಬಾರದು ಎಂದು ಅವಳು ಬೈಯುತ್ತಿದ್ದರೂ ಕೇಳದೆ, ಅತ್ತೆಯ ಕಾಲ ಬಳಿ ಕೂತು ನನ್ನ ಮಗನಿಗಾಗಿ ಗಟ್ಟಿಯಾಗಿ ಅತ್ತುಬಿಟ್ಟೆ.