ಗಂಗಾಮಣಿಯ ನೂರು ಕಾಳು

ಮಗ್ಗೆಯ ಗಂಗಾಮಣಿಗೆ ಎಲ್ಲವೂ ನೂರಕ್ಕಿಷ್ಟು. ಆಲೂರಿನ ಬಸ್ಸು ಬರುತ್ತದೋ ಇಲ್ಲವೋ ಎಂದು ಕೇಳಿದರೆ, "ನೂರಕ್ಕೆ ಅರವತ್ತು ಬತ್ತೈತೆ ಕಣಪ್ಪ" ಅನ್ನುವಳು. ಗಂಡ ಶಿವಯ್ಯ ಮಾಡಿದ ಕಾಫಿಗೂ ಮಾರ್ಕ್ಸು ಹಾಕುವಳು. ಅದು ಎಪ್ಪತ್ತು ದಾಟಿದ್ದು ಯಾರಿಗೂ ನೆನಪಿಲ್ಲ. ಓದಿದ್ದು ನಾಲ್ಕನೇ ಕ್ಲಾಸು. ಶೇಕಡಾ ಲೆಕ್ಕ ಅವಳಿಗೆ ಹತ್ತಿದ್ದು ಭತ್ತದ ಕಾಳಿನಿಂದ.

ಬಿತ್ತನೆಗೆ ಇನ್ನೂ ವಾರವಿದೆ ಅನ್ನುವಾಗ ಊರವರು ತಂತಮ್ಮ ಬೀಜದ ಭತ್ತ ಒಂದು ಸೇರು ತಂದು ಅವಳ ಜಗಲಿಯ ಮೇಲಿಡುತ್ತಾರೆ. ಅವಳು ಮೊರಕ್ಕೆ ಸುರಿದು, ನೂರು ಕಾಳು ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಡುತ್ತಾಳೆ. ಐದನೇ ದಿನ ಬಿಚ್ಚಿ, ಎಷ್ಟು ಮೊಳೆತಿವೆ ನೋಡುವುದು. ಎಂಬತ್ತರ ಮೇಲಿದ್ದರೆ ಧೈರ್ಯವಾಗಿ ಬಿತ್ತಬಹುದು, ಕಡಿಮೆಯಿದ್ದರೆ ಬೀಜ ಹೆಚ್ಚು ಹಾಕಬೇಕು. ಹದಿನೈದು ವರ್ಷ ಅವಳ ಮಾತು ಹುಸಿಯಾಗಿರಲಿಲ್ಲ. ಅದರ ಜಂಬವೂ ಒಂದಿಷ್ಟಿತ್ತು, ಇರಲಿ ಬಿಡಿ.

ಹೋದ ವರ್ಷ ಪಕ್ಕದ ಮನೆಯ ಚಿನ್ನಮ್ಮನ ಭತ್ತ ಕಣದಲ್ಲೇ ಮಳೆಗೆ ನೆಂದಿತ್ತು. ಗಂಡನಿಲ್ಲದ ಹೆಂಗಸು, ಇರುವುದು ಇಪ್ಪತ್ತು ಗುಂಟೆ ಗದ್ದೆ. ವರ್ಷದ ಅನ್ನ ಅದರಲ್ಲೇ. ಗಂಗಾಮಣಿ ಪರೀಕ್ಷೆ ಮಾಡಿ, "ನೂರಕ್ಕೆ ತೊಂಬತ್ತು! ಸುಮ್ನೆ ಹೆದರ್ಕೊಂಡಿದ್ದೆ ಕಣೇ, ಬಿತ್ತು" ಅಂದಳು. ಚಿನ್ನಮ್ಮ ಬಿತ್ತಿದಳು. ಸಸಿಮಡಿಯಲ್ಲಿ ಅರ್ಧಕ್ಕರ್ಧ ಬರೀ ಕೆಸರು.

ಗಂಗಾಮಣಿಗೆ ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ಚಿನ್ನಮ್ಮನ ಮನೆಗೇ ಹೋಗಿ, ಉಳಿದಿದ್ದ ಬೀಜವನ್ನು ಮೊರಕ್ಕೆ ಹಾಕಿಸಿಕೊಂಡು ಮತ್ತೆ ಎಣಿಸತೊಡಗಿದಳು. ನೂರು ಮುಗಿಯುವ ಹೊತ್ತಿಗೆ ಚಿನ್ನಮ್ಮ ಕೇಳಿದಳು: "ಗಂಗಕ್ಕ, ಅವನ್ನೆಲ್ಲ ಯಾಕೆ ಬಿಸಾಕ್ತಿದ್ದೀಯ?"

ನೋಡಿದರೆ ಮೊಣಕಾಲ ಪಕ್ಕದಲ್ಲಿ ಕಪ್ಪಾದ ಕಾಳಿನ ಸಣ್ಣ ಗುಡ್ಡೆ. ನಲವತ್ತು ವರ್ಷ ಅಕ್ಕಿ ಆರಿಸಿದ ಕೈ! ಅವಳನ್ನು ಕೇಳದೆಯೇ ಕೆಟ್ಟದ್ದನ್ನು ಆಚೆ ಹಾಕಿ, ಒಳ್ಳೆಯದನ್ನಷ್ಟೇ ಎಣಿಸಿತ್ತು. ಒಳ್ಳೆ ಬೀಜ ಬಂದ ವರ್ಷಗಳಲ್ಲಿ ಅದು ಗೊತ್ತಾಗಿರಲಿಲ್ಲ. ಗೊತ್ತಾಗಲು ಅವಳ ಕೋಳಿಗಳು ಬಿಡಬೇಕಲ್ಲ, ಜಗಲಿಯಿಂದ ಬಿದ್ದ ಕಾಳನ್ನು ಆಗಿಂದಾಗ್ಗೆ ತಿಂದು ಮುಗಿಸುತ್ತಿದ್ದವು. ಚಿನ್ನಮ್ಮನ ಮನೆಯಲ್ಲಿ ಕೋಳಿಯಿಲ್ಲ. ಗುಡ್ಡೆಯನ್ನು ಎಣಿಸಿದಳು: ಎಂಬತ್ತು. ನೂರಾ ಎಂಬತ್ತು ಕಾಳಿಗೆ ತೊಂಬತ್ತು ಮೊಳೆತರೆ ನೂರಕ್ಕೆ ಐವತ್ತೇ. ಗದ್ದೆ ಹೇಳಿದ್ದೂ ಅದನ್ನೇ.

"ತಪ್ಪು ನಂದು ಕಣೇ. ಮತ್ತೆ ಬಿತ್ತೋಕೆ ಹೊತ್ತು ಮೀರೋಯ್ತು. ನನ್ನ ಮಡೀಲಿ ಎಷ್ಟು ಸಸಿ ಬೇಕೋ ಕಿತ್ಕೋ."

ಚಿನ್ನಮ್ಮನ ಗದ್ದೆ ನಾಟಿಯಾಯಿತು. ಗಂಗಾಮಣಿಯ ಗದ್ದೆಯಲ್ಲಿ ಒಂದು ಮೂಲೆ ಹಾಗೇ ಉಳಿಯಿತು. ಶಿವಯ್ಯ ಮೂರು ದಿನ ಕಾಫಿ ಮಾಡಲಿಲ್ಲ.

ಈ ವರ್ಷ ಅವಳು ಇನ್ನು ಯಾರ ಬೀಜವನ್ನೂ ಮುಟ್ಟುವುದಿಲ್ಲ ಎಂದು ಸಾರಿಬಿಟ್ಟಳು. ಮೊದಲು ಸೇರು ಹಿಡಿದು ಬಂದವಳು ಚಿನ್ನಮ್ಮನೇ.

"ಬೇರೆಯವರತ್ರ ಎಣ್ಸಿಸ್ಕೋ ಮಾರಾಯ್ತಿ. ನನ್ನ ಕೈ ನಂಬ್ಬೇಡ."

"ಕೈನ ಯಾರು ನಂಬಿದ್ರು?" ಅಂದಳು ಚಿನ್ನಮ್ಮ. "ಕೋಳಿ ಮೇಲೆ ಮಂಕರಿ ಕವುಚಿ ಬಾ. ಕಣ್ಮುಚ್ಕೊಂಡು ಎಣ್ಸು. ನಾನು ಪಕ್ಕದಲ್ಲೇ ಕೂತಿರ್ತೀನಿ."

ಗಂಗಾಮಣಿ ಕಣ್ಣು ಮುಚ್ಚಿ ಎಣಿಸತೊಡಗಿದಳು. ಮುಚ್ಚಿದ ಕಣ್ಣಿಂದಲೂ ನೀರು ಇಳಿಯಿತು. ಹದಿನೇಳರಲ್ಲಿ ನಿಂತು ಸೆರಗಿನಿಂದ ಮುಖ ಒರೆಸಿಕೊಂಡಳು.

"ಹದಿನೆಂಟು," ಅಂದಳು ಚಿನ್ನಮ್ಮ.