ಷಡ್ಡಕನ ಎಂಟು ತಾಸು, ವಿಮಾನದ ಅರ್ಧ ತಾಸು

ನಾಶಿಕ್‌ನಿಂದ ಛತ್ರಪತಿ ಸಂಭಾಜಿನಗರಕ್ಕೆ ವಿಮಾನದಲ್ಲಿ ಎಷ್ಟು ಹೊತ್ತು? ಸುಮಾರು ಅರ್ಧ ತಾಸು. ಒಂದು ವಿಮಾನ ನಿಲ್ದಾಣದಿಂದ ಇನ್ನೊಂದಕ್ಕೆ ಆಕಾಶದಲ್ಲಿ ನೂರೈವತ್ತು ಚಿಲ್ಲರೆ ಕಿಲೋಮೀಟರ್. ಕಳೆದ ಭಾನುವಾರ ಊಟದ ತಟ್ಟೆ ಮುಂದಿಟ್ಟುಕೊಂಡು ಮೊಬೈಲ್‌ನಲ್ಲಿ ಇದನ್ನು ಹುಡುಕಿದೆ. (ನೇರ ವಿಮಾನ ಸಿಗಲಿಲ್ಲ. ಹೈದರಾಬಾದ್ ಸುತ್ತಿ ಹೋಗಬೇಕಂತೆ.)

ಊಟ ಬಿಟ್ಟು ಇದನ್ನೇಕೆ ಹುಡುಕಿದೆ? ಹೊಟ್ಟೆಕಿಚ್ಚಿಗೆ.

ಎದುರಿಗೆ ನನ್ನ ಷಡ್ಡಕ ಕೂತಿದ್ದರು. ಹೆಂಡತಿಯ ಅಕ್ಕನ ಗಂಡ. ಸಂಭಾಜಿನಗರದಲ್ಲಿ ಟೈಲ್ಸ್ ಅಂಗಡಿ. ತ್ರ್ಯಂಬಕೇಶ್ವರಕ್ಕೆ ಬಂದವರು ಊಟಕ್ಕೆ ನಾಶಿಕ್‌ನ ನಮ್ಮ ಮನೆಗೆ ಬಂದಿದ್ದರು. ನನ್ನ ಮಗಳಿಗೆ ಅವರೂರಿನ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಮುಂದಿನ ವಾರದಿಂದ ಅವರ ಮನೆಯಲ್ಲೇ ಇರುತ್ತಾಳೆ. ಆ ಖುಷಿಯಲ್ಲಿ ಹಳೇ ಕಥೆ ತೆಗೆದರು.

ಮಗಳು ಹುಟ್ಟಿದ್ದೂ ಅವರೂರಿನಲ್ಲೇ. ಹೆರಿಗೆಗೆಂದು ಹೆಂಡತಿ ಅಕ್ಕನ ಮನೆಗೆ ಹೋಗಿದ್ದಳು. ಕೂಸನ್ನು ಮೊದಲು ಎತ್ತಿಕೊಂಡವರು ಷಡ್ಡಕ. ಫೋಟೋ ಇದೆ. ಅದರಲ್ಲಿ ನಾನಿಲ್ಲ.

“ನಿಮ್ಮಪ್ಪ ಬರೋದ್ರಾಗ ನೀ ಎರಡು ನಿದ್ದಿ ಮುಗಿಸಿದ್ದಿ. ಫೋನ್ ಮಾಡಿದ ಎಂಟು ತಾಸಿಗೆ ಬಂದ್ರು ನಮ್ಮ ಬ್ಯಾಂಕ್ ಸಾಹೇಬ್ರು,” ಎಂದರು ಮಗಳಿಗೆ.

“ಐದು ತಾಸು ರೀ,” ಎಂದೆ. ನನಗೆ ಸ್ಪಷ್ಟ ನೆನಪು. ಬೆಳಿಗ್ಗೆ ಫೋನ್ ಬಂತು, ಬ್ಯಾಂಕಿನಿಂದ ಸೀದಾ ಬಸ್ ಸ್ಟ್ಯಾಂಡಿಗೆ ಓಡಿದೆ, ಸಿಕ್ಕ ಬಸ್ ಹತ್ತಿದೆ. ದಾರಿಯಲ್ಲಿ ಚಹಾಕ್ಕೂ ಇಳಿಯಲಿಲ್ಲ.

“ಇರಲಿ ಬಿಡ್ರಿ. ಇನ್ನ ಇಕಿಗೆ ಏನಾರ ಬೇಕಂದ್ರ ನಾ ಹತ್ತು ಮಿನಿಟಿನಾಗ ಬರ್ತೀನಿ. ನೀವು ಆರಾಮ್ ಬರ್ರಿ.”

ಮಗಳು ನನ್ನ ಮೊಬೈಲ್ ಇಣುಕಿದಳು. “ದೊಡ್ಡಪ್ಪಾ, ಬಘಾ, ಇಲ್ಲೆ ನೋಡ್ರಿ, ಪಪ್ಪಾ ಫ್ಲೈಟ್ ಹುಡುಕ್ತಾರ.” ಇಬ್ಬರೂ ನಕ್ಕರು. ಅವಳು ನಕ್ಕಿದ್ದು ಅವರ ಕಡೆ ತಿರುಗಿ. (ಇಂಥದ್ದೆಲ್ಲ ನಾನು ಗಮನಿಸುತ್ತೇನೆ.)

ಸಾಕ್ಷಿ ಇಲ್ಲದೆ ಏನನ್ನೂ ನಂಬಬಾರದು ಎಂಬುದು ಕಲಬುರಗಿಯಲ್ಲಿ ಎಂ.ಎ. ಓದುವಾಗ ಅಂಟಿದ ಚಟ. ಜಾತಕ ನಂಬಲಿಲ್ಲ, ಷಡ್ಡಕನನ್ನು ಮೊದಲೇ ನಂಬಲಿಲ್ಲ. ಆದರೆ ನನ್ನ ನೆನಪಿಗೆ ಯಾವತ್ತಾದರೂ ಸಾಕ್ಷಿ ಕೇಳಿದ್ದೆನೇ?

ಅವರು ಹೊರಟ ಮೇಲೆ ಹೆಂಡತಿಯನ್ನು ಕೇಳಿದೆ. “ಐದೋ, ಎಂಟೋ?”

ಅವಳು ಕಪಾಟಿನಿಂದ ನೇರಳೆ ಬಣ್ಣದ ಪೈಠಣಿ ರೇಷ್ಮೆ ಸೀರೆ ತೆಗೆದು ಮಂಚದ ಮೇಲಿಟ್ಟಳು. “ಇದು ಎಲ್ಲಿ ತೊಗೊಂಡಿದ್ರಿ?”

“ಯೇವಲಾದಾಗ.” ಅದು ಪೈಠಣಿ ನೇಯುವವರ ಊರು. ಸಂಭಾಜಿನಗರದ ದಾರಿಯಲ್ಲೇ ಬರುತ್ತದೆ.

“ಯಾವಾಗ?”

“ನಾಮಕರಣಕ್ಕ ಬರುಮುಂದ.”

“ಅಲ್ರಿ. ದವಾಖಾನ್ಯಾಗ ಕೂಸಿನ ಮಗ್ಗಲಾಗ ತಂದಿಟ್ರಿ. ಬಸ್ ಇಳದು ಅಂಗಡಿ ಅಂಗಡಿ ತಿರುಗಿ ಬಣ್ಣ ಆರಿಸೀನಿ ಅಂತ ನೀವ ಹೇಳಿದ್ರಿ.”

ಅಂದರೆ ಎಂಟು ತಾಸು ನಿಜ. ಚಹಾಕ್ಕೂ ಬಸ್ಸಿನಿಂದ ಇಳಿಯದ ಆ ಅಪ್ಪನನ್ನು ಇಷ್ಟು ವರ್ಷ ನನ್ನ ನೆನಪಿಗೆ ನಾನು ಎಲ್ಲಿಂದ ತಂದಿಟ್ಟುಕೊಂಡಿದ್ದೆ?

“ಮತ್ತ ಅವರ ಮುಂದ ಈ ಸೀರಿ ಮಾತು ಯಾಕ ತೆಗೀಲಿಲ್ಲ?” ಎಂದೆ.

“ಹೆಂಗ ಹೇಳ್ಲಿ? ಅವರು ನಮ್ಮಕ್ಕಗ ಇವತ್ತಿನ ತನಕ ಒಂದು ಪೈಠಣಿ ತಂದಿಲ್ಲ. ಗೊತ್ತಾದ್ರ ಆಕಿ ಹೊಟ್ಟಿ ಉರಿತದ. ಅದಕ್ಕ ಈ ಸೀರಿ ಆಕಿಗೆ ತೋರಿಸೇ ಇಲ್ಲ.”

ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ ಮಗಳು ಒಳಗೆ ಬಂದು ಸೀರೆಯ ಸೆರಗು ಸವರಿದಳು. ಈ ಸಲ ನನ್ನ ಕಡೆ ತಿರುಗಿದ್ದಳು. “ಪಪ್ಪಾ, ಇದು ನಾ ಒಯ್ಲಾ?”

ಒಯ್ಯಿ ಎಂದೆ. ಮೊದಲ ಹಬ್ಬಕ್ಕೇ ಉಡು, ದೊಡ್ಡವ್ವ ಕೇಳಿದರೆ ಎಲ್ಲಿಯದು, ಯಾವತ್ತಿನದು, ಎಲ್ಲಾ ಹೇಳು ಎಂದೆ.

ಆಮೇಲೆ ಷಡ್ಡಕ ತಮ್ಮ ಮನೆಯಲ್ಲಿ ಎಂಟು ತಾಸಿನ ಕಥೆ ತೆಗೆಯಲಿ, ನೋಡೋಣ.