ಬಿಚ್ಚಲಾಗದ ಮೂಲೆ

ಹೊಸ ದಾರ ಕೊಳ್ಳುವವರಿಗೆ ನಾನು ಇಂದಿಗೂ ಹೇಳುವುದಿಷ್ಟು: ಅಂಗಡಿಯೊಳಗಿನ ಬೆಳಕಿನಲ್ಲಿ ಬಣ್ಣ ನಂಬಬೇಡಿ, ಹೊರಗೆ ಬಿಸಿಲಿಗೆ ತಂದು ನೋಡಿ. ಒಂದೆಳೆಯನ್ನು ಒದ್ದೆ ಮಾಡಿ ಬಿಳಿ ಅರಿವೆಗೆ ತಿಕ್ಕಿ. ರೇಶ್ಮೆ ಎಂದು ಕೊಟ್ಟರೆ ತುದಿ ಸುಟ್ಟು ಮೂಸಿ. ಕೂದಲು ಸುಟ್ಟ ವಾಸನೆ ಬರದೆ ಕಾಗದ ಸುಟ್ಟ ವಾಸನೆ ಬಂದರೆ ಅದು ಯಂತ್ರದ ರೇಶ್ಮೆ, ನೀರು ಬಿದ್ದರೆ ಬಲ ಕಳೆದುಕೊಳ್ಳುತ್ತದೆ. ಇದನ್ನೆಲ್ಲ ನನಗೆ ಯಾರೂ ಕೂಡಿಸಿಕೊಂಡು ಕಲಿಸಲಿಲ್ಲ. ಮೋಸ ಹೋಗಿ ಕಲಿತೆ. ಒಬ್ಬಳು ಕೂಡಿಸಿಕೊಂಡು ಕಲಿಸಲು ಬಂದಿದ್ದಳು. ಅವಳಿಂದ ಮಾತ್ರ ಕಲಿಯಲಿಲ್ಲ.

ಗಂಡ ತೀರಿಕೊಂಡ ಮೇಲೆ ದಾರ ಮಾರಿಯೇ ನಾನು ಬದುಕು ಕಟ್ಟಿಕೊಂಡದ್ದು. ದುರ್ಗದಬೈಲಿನ ಪೇಟೆಯಲ್ಲಿ ಚೌಕಾಸಿ ಮಾಡಿ ಕೊಂಡ ದಾರ, ಉಲ್ಲನ್ನು, ಸೂಜಿಗಳನ್ನು ತಗಡಿನ ಟ್ರಂಕಿನಲ್ಲಿ ತುಂಬಿ ಕೇಶ್ವಾಪುರದ ಮನೆಮನೆಗೆ ಒಯ್ಯುತ್ತಿದ್ದೆ. ಹೊಸದೇನೇ ಬರಲಿ, ಮೊದಲು ಪಕ್ಕದ ಮನೆಯ ಅಕ್ಕನ ಕೈಗೆ ಕೊಡುತ್ತಿದ್ದೆ. ಅವಳ ಗಂಡ ರೈಲ್ವೆ ಕಾರ್ಖಾನೆಯಲ್ಲಿದ್ದ. ಹಳೆಯ ಛತ್ರಿಯ ಕಡ್ಡಿ ಉಜ್ಜಿ ಅವನು ಮಾಡಿಕೊಟ್ಟ ಕೊಕ್ಕೆಯ ಸೂಜಿಯಿಂದ ಅಕ್ಕ ಕ್ರೋಶಾ ಹೆಣೆಯುತ್ತಿದ್ದಳು.

ಅವಳದು ಒಂದೇ ನಮೂನೆಯ ಅಂಚು. ನಡುವೆ ಸಣ್ಣ ದೇಟು, ಎರಡೂ ಕಡೆ ಹುಣಸೆ ಎಲೆ. ಇಂಥ ಅಂಚು ಬಟ್ಟೆಯ ಮೂಲೆಗೆ ಬಂದಾಗ ಉಳಿದವರೆಲ್ಲ ಕತ್ತರಿಸಿ ಜೋಡಿಸಿ ಹೊಲಿಯುತ್ತಾರೆ. ಅಕ್ಕ ಕತ್ತರಿಸುತ್ತಿರಲಿಲ್ಲ. ದೇಟನ್ನೇ ಬಾಗಿಸಿ, ಎಲೆಗಳನ್ನು ಮೂಲೆಯ ಸುತ್ತ ಹರಿಸಿ ಆ ಕಡೆಗೆ ಒಯ್ದುಬಿಡುತ್ತಿದ್ದಳು; ಎಲ್ಲಿಯೂ ಒಂದು ಸುಕ್ಕಿಲ್ಲ. ದಾರದ ಗುಣ ತಿಳಿಯುವುದೂ ಆ ತಿರುವಿನಲ್ಲಿಯೇ. ಹೀಗಾಗಿ ಪ್ರತಿ ಹೊಸ ದಾರದಲ್ಲಿ ಒಂದು ಮೂಲೆ ಹೆಣೆದು ನೋಡಿ, ಇದು ಆದೀತು, ಇದು ಬೇಡ ಎಂದು ಹೇಳುತ್ತಿದ್ದಳು. ಮಾರಾಟಕ್ಕೆ ಮಾತ್ರ ಇಬ್ಬರೂ ನೇರ ಅಂಚು ಹೆಣೆಯುತ್ತಿದ್ದೆವು. ಮೊಳದ ಲೆಕ್ಕದಲ್ಲಿ ಒಯ್ಯುವ ಗಿರಾಕಿಗಳು ಮೂಲೆಗೆಂದು ಹೆಚ್ಚಿಗೆ ಕೊಡುತ್ತಾರೆಯೇ?

ಮುಂಬಯಿಯಿಂದ ಹೊಸ ಹೊಸ ಸಾಮಾನುಗಳೂ ಬರುತ್ತಿದ್ದವು. ಒಮ್ಮೆ ದಾರ ಪೋಣಿಸಿಕೊಳ್ಳುವ ಕೊಂಡಿಯಿದ್ದ ಉಂಗುರ ತಂದೆ.

"ಬೆರಳಿಗೆ ಹಾಕ್ಕೋರಿ ಅಕ್ಕಾರ. ದಾರ ಇದರಾಗಿಂದ ಸರಳ ಬರ್ತೈತಿ, ಬೆರಳ ಕೊಯ್ಯೂದಿಲ್ಲ."

"ಗಂಡ ಹಾಕಿದ ಉಂಗುರಾನ ಒತ್ತಿ ಬಿದ್ದೈತಿ ತಂಗಿ, ನೀ ಇನ್ನೊಂದು ತೊಡಸಾಕ ಬಂದಿ!"

ಸೂಜಿಯ ದಪ್ಪ ಅಳೆಯುವ ತೂತುಗಳ ತಗಡನ್ನು ತಿರುಗಿಸಿ ಮುರುಗಿಸಿ ನೋಡಿ, "ಇದರಾಗ ಶಾವಿಗಿ ಒತ್ತಾಕ ಬರ್ತೈತೇನ?" ಎಂದು ಕೇಳಿದಳು. ಒಂದೇ ಒಂದು ಸಾಮಾನಿಗೆ ಅವಳು ನಗಲಿಲ್ಲ. ಅದು ಉಂಡೆ ಸುತ್ತುವ ಯಂತ್ರ. ಮೇಜಿನ ಅಂಚಿಗೆ ಬಿಗಿದು ಹಿಡಿಕೆ ತಿರುವಿದರೆ ಸಾಕು, ಅಕ್ಕ ಹೆಣೆದ ಮಾದರಿ ಸರಸರ ಬಿಚ್ಚಿ ಅಂದವಾದ ಉಂಡೆಯಾಗಿ ಕೂಡುತ್ತಿತ್ತು. ಆ ಉಂಡೆಯನ್ನು ಹೊಸ ದಾರದ ಜೊತೆಗೇ ಇಟ್ಟು ಮಾರುತ್ತಿದ್ದೆ. ಗುಲಗಂಜಿಯಷ್ಟೂ ದಾರ ಹಾಳಾಗುತ್ತಿರಲಿಲ್ಲ.

"ಹೆಣದದ್ದು ಬಿಚ್ಚಾಕೂ ಯಂತ್ರ ತಂದಿಯಲ್ಲ."

"ದಾರ ಏನ ಪುಕ್ಕಟ ಬರ್ತೈತೇನ್ರಿ?"

"ತಡಿಯ, ಬಿಚ್ಚೂಕಿಂತ ಮೊದಲ ಇಲ್ಲಿ ನೋಡು. ಮೂಲಿ ತಿರುಗಿಸೂ ಮುಂದ ದೇಟು ಹೆಂಗ ಹಿಡೀಬೇಕು ಅಂದ್ರ…"

"ನಾಳೆ ನೋಡ್ತೇನ್ರಿ. ನೀವೆಲ್ಲಿ ಓಡಿ ಹೋಗ್ತೀರಿ?" ಎಂದು ಹಿಡಿಕೆ ತಿರುವಿದೆ.

ಅದೇ ದಿನಗಳಲ್ಲಿ ನೀಲಿ ಉಲ್ಲನ್ನೊಂದು ಬಂತು. ಅಂಗಡಿಯವ ಎದೆ ತಟ್ಟಿ ಹೇಳಿದ: "ಬಿಲಾತಿ ಮಾಲ್ರಿ ಬಾಯಾರ, ಕುದಿಯೂ ನೀರಾಗ ಹಾಕ್ರಿ. ಕುಗ್ಗಿದ್ರ ನನ್ನ ಬಂದು ಕೇಳ್ರಿ." ಅಕ್ಕ ಅದರಲ್ಲಿ ಹೆಣೆದುಕೊಟ್ಟ ಮೂಲೆಯನ್ನು ನಾನು ಕುದಿಯುವ ನೀರಿಗೆ ಹಾಕಿ, ಸಾಬೂನು ಹಚ್ಚಿ ತಿಕ್ಕಿದೆ. ಅದು ಅಂಗೈಯಷ್ಟಾಗಿ, ಕಂಬಳಿಯ ತುಂಡಿನಂತೆ ಗಟ್ಟಿಯಾಯಿತು. ಒಯ್ದು ಅವನ ಗಾದಿಯ ಮೇಲಿಟ್ಟೆ.

"ಕೇಳಾಕ ಬಂದೀನಿ ಕಾಕಾ."

"ಅಯ್ಯ, ಖರೇನ ಕುದಿಸಿದ್ರೇನು? ಅದು ಬರೇ ಮಾತಿಗೆ ಅಂದದ್ರೀ!"

"ನಾನೂ ನಿಮ್ಮ ಮಾತಿಗೇ ಕುದಿಸೀನಿ. ಈಗ ದರಾ ಹೇಳ್ರಿ."

ದರ ಇಳಿಯಿತು. ಆ ತುಂಡನ್ನು ಟ್ರಂಕಿನ ತಳದಲ್ಲಿ ಜೋಪಾನವಾಗಿಟ್ಟೆ. ಚೌಕಾಸಿಗೆ ಮತ್ತೆ ಬೇಕಾದೀತೆಂದು. ಬಿಚ್ಚಬೇಕೆಂದರೂ ಎಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು.

ಮುಂದಿನ ಬೇಸಿಗೆಯಲ್ಲಿ ಅಕ್ಕನಿಗೆ ಜ್ವರ ಹಿಡಿಯಿತು. ಮೂಗಿನ ಮೇಲೆ ಬೆವರೊಡೆದರೂ ಕೈ ಬಿಡುವಾಗಿದ್ದರೆ ಸೂಜಿ ಹುಡುಕುವವಳು, ಸೂಜಿ ಕೇಳುವುದನ್ನು ಬಿಟ್ಟಾಗಲೇ ನನಗೆ ಅಂಜಿಕೆ ಬಂತು. ವಾರ ತುಂಬುವುದರೊಳಗೆ ಹೋಗಿಬಿಟ್ಟಳು. ನನ್ನನ್ನು ಚಿಗವ್ವ ಎನ್ನುತ್ತಿದ್ದ ಅವಳ ಮಗಳು ಆಗಿನ್ನೂ ದಾರದ ಉಂಡೆ ಉರುಳಿಸಿ ಆಡುವ ವಯಸ್ಸಿನವಳು.

ಆ ಹುಡುಗಿಯ ಮದುವೆ ಗೊತ್ತಾದಾಗ ಯುದ್ಧ ನಡೆದಿತ್ತು. ಒಳ್ಳೆಯ ದಾರ ಸಿಗುವುದೇ ಕಷ್ಟ. ಮದುವೆಯಲ್ಲಿ ಮದುಮಗಳ ಕೈಕೆಲಸವನ್ನು ಹರವಿ ಬೀಗರಿಗೆ ತೋರಿಸುವ ರೂಢಿ. ಅವಳು ನನ್ನ ಬಳಿ ಬಂದು ಕೂತಳು.

"ಚಿಗವ್ವಾ, ನನಗ ಬ್ಯಾರೆ ಏನೂ ಬ್ಯಾಡ. ತಾಟಿನ ಮ್ಯಾಲೆ ಮುಚ್ಚೂ ಬಟ್ಟಿಗೆ ಅವ್ವನ ಅಂಚು ಹಾಕಬೇಕು. ನಾಲ್ಕೂ ಮೂಲಿ ಅವ್ವನಂಗ ತಿರುಗಬೇಕು."

ಬಚ್ಚಿಟ್ಟುಕೊಂಡಿದ್ದ ಬಿಳಿ ದಾರವನ್ನೆಲ್ಲ ತೆಗೆದೆ. ನೇರ ಅಂಚು ನನ್ನ ಕೈಗೆ ಚೆನ್ನಾಗಿ ಕೂತಿತ್ತು, ಅವಳಿಗೂ ಕಲಿಸಿದೆ. ಮೂಲೆ ಬಂದಾಗ ಕೈ ನಿಂತಿತು. ಎಲೆ ಕಡಿಮೆ ಮಾಡಿದರೆ ಟೊಪ್ಪಿಗೆಯಂತೆ ಎದ್ದು ನಿಲ್ಲುತ್ತಿತ್ತು; ಹೆಚ್ಚು ಮಾಡಿದರೆ ನಿರಿಗೆಯಂತೆ ಸುಕ್ಕುಗಟ್ಟುತ್ತಿತ್ತು. ಹಳೆಯ ಗಿರಾಕಿಗಳ ಮನೆಗಳಿಗೂ ಹೋಗಿ ಕೇಳಿದೆ. ಸಿಕ್ಕದ್ದೆಲ್ಲ ನೇರ ಅಂಚು. ನಾನೇ ಅಳೆದು ಮಾರಿದ್ದು. ಅಕ್ಕ ಹೆಣೆದ ಮೂಲೆಗಳನ್ನೆಲ್ಲ ಬಿಚ್ಚಿ ಉಂಡೆ ಮಾಡಿದವಳೂ ನಾನೇ.

ಕೊನೆಗೆ ಟ್ರಂಕಿನ ತಳದಿಂದ ಆ ನೀಲಿ ತುಂಡು ತೆಗೆದುಕೊಟ್ಟೆ. ಹುಡುಗಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಒಂದು ತೂತೂ ಕಾಣಿಸುತ್ತಿರಲಿಲ್ಲ. ದೇಟು ಬಾಗಿದ ಗುರುತು ಮಾತ್ರ ದಿಂಡಿನಂತೆ ಕೈಗೆ ಹತ್ತುತ್ತಿತ್ತು. ಅದರ ಮೇಲೆ ಹೆಬ್ಬೆರಳು ಆಡಿಸಿ ಅಂದಳು:

"ಇಲ್ಲೇ ತಿರಿಗ್ಯಾಳ ನಮ್ಮವ್ವ."

ಸೂಜಿಯ ಮೊನೆಯಿಂದ ಎಳೆ ಬಿಡಿಸಲು ನೋಡಿದೆವು. ಬರೀ ಉಣ್ಣೆಯ ಜುಂಗು ಎದ್ದಿತು. ನಾನು ಕತ್ತರಿ ಕೈಗೆತ್ತಿಕೊಂಡೆ, ಒಳಗೆ ಕೊಯ್ದಾದರೂ ನೋಡೋಣವೆಂದು. ಅವಳು ತುಂಡನ್ನು ಸೆರಗಿನೊಳಗೆ ಎಳೆದುಕೊಂಡಳು.

"ಬ್ಯಾಡ ಚಿಗವ್ವಾ. ಇದೊಂದರ ಇರ್ಲಿ." ಆಮೇಲೆ ಕೇಳಿದಳು, "ಅವ್ವ ನಿಮಗ ಒಮ್ಮ್ಯಾದ್ರೂ ತೋರಿಸಿದ್ದಿಲ್ಲೇನು?"

"ತೋರಿಸಾಕ ಬಂದಿದ್ಲವಾ. ನಾ ಉಂಡಿ ಸುತ್ತಾಕತ್ತಿದ್ದೆ."

ಈಗ ನನ್ನ ಹತ್ತಿರ ದಾರ ಒಯ್ಯುವವರಿಗೆಲ್ಲ ಹೇಳುತ್ತೇನೆ: ಮಾದರಿ ಹೆಣೆದರೆ ಕೊನೆಯ ಎಳೆ ಕತ್ತರಿಸಿ ಗಂಟು ಹಾಕಿ, ಚೀಟಿ ಕಟ್ಟಿ ಇಡಿ. ಅಷ್ಟು ದಾರ ಹೋದರೆ ಹೋಗಲಿ. ಎದುರಿಗೆ ಹೆಣೆಯುವವರು ಕೂತಿದ್ದರಂತೂ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ನೋಡಿ. ಕೇಳಿದವರು ತಲೆಯಾಡಿಸುತ್ತಾರೆ. ಮನೆಗೆ ಹೋಗಿ ಬಿಚ್ಚುತ್ತಾರೆ.

ಆ ಮದುವೆಯ ಬಟ್ಟೆಗೆ ಕಡೆಗೆ ಅಂಚನ್ನು ಕತ್ತರಿಸಿ ನಾಲ್ಕೂ ಮೂಲೆಗಳಲ್ಲಿ ಜೋಡಿಸಿ ಹೊಲಿದೆವು. ಮದುವೆಯ ದಿನ ಬೀಗರ ಕಡೆಯ ಹಿರಿಯಳೊಬ್ಬಳು ತಾಟಿನ ಬಟ್ಟೆ ಎತ್ತಿ, ಮೂಲೆ ಹೊರಳಿಸಿ ನೋಡಿದಳು.

"ಭಾಳ ಛಲೋ ಜೋಡಿಸೀರಿ. ಹೊಲಿಗಿ ಎಲ್ಲೈತಿ ಅಂತ ಗೊತ್ತಾಗೂದಿಲ್ಲ ನೋಡ್ರಿ."

ಹುಡುಗಿ ನನ್ನ ಕಡೆ ನೋಡಿದಳು. ನನ್ನ ಮಾಲನ್ನು ಯಾರಾದರೂ ಒಂದು ಮಾತು ಹೊಗಳಿದರೆ, ಮೇಲೆ ಎರಡು ಮಾತು ಸೇರಿಸದೆ ಬಿಟ್ಟವಳಲ್ಲ ನಾನು. ಅಂದು ಬಟ್ಟೆಯನ್ನು ಮಡಚಿ, ಹೊಲಿಗೆ ಒಳಗೆ ಹೋಗುವಂತೆ ಇಟ್ಟೆ.